ರೊಸ್ಟ್ ದ್ವೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆ ಎಂದೊಡನೆ ಹಿಮ, ಫ್ಯೋರ್ಡ್ ಮತ್ತು ನಡುರಾತ್ರಿಯ ಸೂರ್ಯ ನೆನಪಾಗುವುದು ಸಹಜ. ಆ ದೇಶದ ಕರಾವಳಿಯಿಂದ ಬಹುದೂರ, ತೆರೆದ ಕಡಲಿನ ನಡುವೆ ಇರುವ ರೊಸ್ಟ್ ಎಂಬ ಪುಟ್ಟ ದ್ವೀಪದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರ ಕಡಿಮೆ. ಐನೂರಕ್ಕೂ ಕಡಿಮೆ ಜನರಿರುವ ಈ ಊರಿಗೆ ಸಾವಿರ ವರ್ಷಗಳ ವ್ಯಾಪಾರದ ಚರಿತ್ರೆಯಿದೆ, ವೆನಿಸ್ ನಗರದೊಡನೆ ಹಳೆಯ ನಂಟಿದೆ, ಮತ್ತು ಇಂದು ಕಣ್ಣೆದುರೇ ಕುಸಿಯುತ್ತಿರುವ ಒಂದು ಮಹಾ ಪಕ್ಷಿಸಂಕುಲವಿದೆ. ಇವೆಲ್ಲಕ್ಕೂ ಮೂಲ ಸುತ್ತಲಿನ ಕಡಲು ಮತ್ತು ಅದರ ಮೀನು. ಆ ದೃಷ್ಟಿಯಿಂದಲೇ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ.

ರೊಸ್ಟ್ ಎಲ್ಲಿದೆ?

ನಾರ್ವೆಯ ಉತ್ತರ ಭಾಗದ ನಾರ್ಡ್‌ಲ್ಯಾಂಡ್ ಪ್ರಾಂತ್ಯದಲ್ಲಿ, ಲೊಫೊಟೆನ್ ದ್ವೀಪಮಾಲೆಯ ನೈಋತ್ಯದ ಕಟ್ಟಕಡೆಯಲ್ಲಿ ರೊಸ್ಟ್ ಇದೆ. ಉತ್ತರ ಧ್ರುವವೃತ್ತವನ್ನು ದಾಟಿ, ಸುಮಾರು ಅರುವತ್ತೇಳೂವರೆ ಡಿಗ್ರಿ ಅಕ್ಷಾಂಶದಲ್ಲಿರುವ ಈ ದ್ವೀಪಕ್ಕೂ ಮುಖ್ಯಭೂಮಿಯ ಬೂಡೊ ನಗರಕ್ಕೂ ನಡುವೆ ಸುಮಾರು 100 ಕಿಲೋಮೀಟರ್ ಕಡಲಿದೆ. ಹತ್ತಿರದ ನೆರೆಯೆಂದರೆ ವಾರೊಯ್ ದ್ವೀಪ. ಅದಾದ ಮೇಲೆ ಮೊಸ್ಕೆನೆಸ್, ಮತ್ತೆ ಲೊಫೊಟೆನ್‌ನ ಉಳಿದ ದೊಡ್ಡ ದ್ವೀಪಗಳು. ಲೊಫೊಟೆನ್‌ನ ಹೆಚ್ಚಿನ ಊರುಗಳನ್ನು ಇಂದು ಸೇತುವೆಗಳೂ ಸುರಂಗಗಳೂ ಒಂದಕ್ಕೊಂದು ಜೋಡಿಸಿವೆ; ವಾರೊಯ್ ಮತ್ತು ರೊಸ್ಟ್ ಮಾತ್ರ ಆ ರಸ್ತೆಯ ಆಚೆ ಉಳಿದಿವೆ.

ರೊಸ್ಟ್ ಒಂದೇ ದ್ವೀಪವೆ, ಹಲವು ದ್ವೀಪಗಳ ಗುಂಪೆ?

ಎರಡೂ ಸರಿ. ಜನ ವಾಸಿಸುವ ಮುಖ್ಯ ದ್ವೀಪದ ಹೆಸರು ರೊಸ್ಟ್‌ಲಾಂಡೆ. ಅದರ ಸುತ್ತ ನೂರಾರು ಸಣ್ಣ ದ್ವೀಪಗಳೂ ಬಂಡೆಗಳೂ ಹರಡಿಕೊಂಡಿವೆ. ವರ್ಷದ ಒಂದೊಂದು ದಿನಕ್ಕೆ ಒಂದೊಂದರಂತೆ 365 ಇವೆಯೆಂದು ಅಲ್ಲಿಯವರು ಹೇಳುವುದುಂಟು. ಅದನ್ನು ಸರ್ವೆ ಲೆಕ್ಕವೆಂದು ತಿಳಿಯದೆ ಊರಿನ ಪ್ರೀತಿಯ ಮಾತೆಂದು ತಿಳಿದರೆ ಸಾಕು. ಎಲ್ಲ ಸೇರಿದರೂ ಈ ಪುರಸಭೆಯ ನೆಲ ಸುಮಾರು 10 ಚದರ ಕಿಲೋಮೀಟರ್ ಮಾತ್ರ.

ಮುಖ್ಯ ದ್ವೀಪ ಬಹುತೇಕ ಸಮತಟ್ಟಾಗಿದೆ. ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಹನ್ನೆರಡು ಮೀಟರಿನಷ್ಟೇ ಮೇಲಿದೆ. ಹುಲ್ಲು, ಜೌಗು, ಸಣ್ಣ ಕೆರೆಗಳು ಮತ್ತು ಅವುಗಳ ನಡುವೆ ಚದುರಿದ ಬಣ್ಣದ ಮರದ ಮನೆಗಳು ಕಾಣುತ್ತವೆ. ಮರಗಳು ಇಲ್ಲವೆಂದೇ ಹೇಳಬೇಕು. ಆದರೆ ನೈಋತ್ಯದ ಕಡೆ ತಿರುಗಿ ನೋಡಿದರೆ ವೇಡೊಯಾ, ಸ್ಟೂರ್‌ಫ್ಯೆಲ್ಲೆ, ಎಲ್ಲೆಫ್ಸ್‌ನ್ಯೂಕೆನ್, ಟ್ರೇನ್ಯೂಕೆನ್, ಹೆರ್ನ್ಯೂಕೆನ್ ಎಂಬ ಕಡಿದಾದ ದ್ವೀಪಗಳು ನೀರಿನಿಂದ ನೇರವಾಗಿ ಎದ್ದು ನಿಂತಿವೆ. ಇವುಗಳಲ್ಲಿ ಅತಿ ಎತ್ತರದ್ದು 259 ಮೀಟರ್. ಮನುಷ್ಯರಿಗೆ ಚಪ್ಪಟೆ ನೆಲ, ಹಕ್ಕಿಗಳಿಗೆ ಕಡಿದಾದ ಬಂಡೆ ಎಂಬಂತೆ ಹಂಚಿಕೆಯಾಗಿರುವ ಈ ಭೂರಚನೆಯೇ ರೊಸ್ಟ್‌ನ ಬದುಕಿನ ಆಕಾರವನ್ನು ನಿರ್ಧರಿಸಿದೆ.

ಧ್ರುವವೃತ್ತದ ಆಚೆ ಇದ್ದೂ ಅಲ್ಲಿ ಕಡು ಚಳಿ ಇಲ್ಲವೆನ್ನುತ್ತಾರೆ. ಇದು ನಿಜವೆ?

ನಿಜ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರನ್ನು ಉತ್ತರಕ್ಕೆ ಹೊತ್ತು ತರುವ ಪ್ರವಾಹ ನಾರ್ವೆಯ ಕರಾವಳಿಯುದ್ದಕ್ಕೂ ಹರಿಯುತ್ತದೆ, ಮತ್ತು ತೆರೆದ ಕಡಲಿನಲ್ಲಿರುವ ರೊಸ್ಟ್ ಅದರ ಪೂರ್ಣ ಲಾಭ ಪಡೆಯುತ್ತದೆ. ವರ್ಷದ ಅತ್ಯಂತ ತಣ್ಣನೆಯ ತಿಂಗಳಲ್ಲೂ ಇಲ್ಲಿನ ಸರಾಸರಿ ಉಷ್ಣಾಂಶ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಅದಕ್ಕಿಂತ ತುಸು ಮೇಲೆಯೇ ಇರುತ್ತದೆ. ಇದೇ ಅಕ್ಷಾಂಶದ ಸೈಬೀರಿಯದಲ್ಲೋ ಉತ್ತರ ಕೆನಡಾದಲ್ಲೋ ಜನವರಿಯ ಉಷ್ಣಾಂಶ ಶೂನ್ಯಕ್ಕಿಂತ ಎಷ್ಟು ಕೆಳಗಿಳಿಯುತ್ತದೆಂದು ಬಲ್ಲವರಿಗೆ ಇದರ ವಿಶೇಷ ಅರ್ಥವಾದೀತು. ಹಾಗೆಂದು ರೊಸ್ಟ್‌ನ ಚಳಿಗಾಲ ಸುಖಕರವೆಂದು ಭಾವಿಸಬಾರದು. ಅಡ್ಡಗಟ್ಟಲು ಗುಡ್ಡವಾಗಲಿ ಮರವಾಗಲಿ ಇಲ್ಲದ ಆ ಚಪ್ಪಟೆ ನೆಲದ ಮೇಲೆ ಬಿರುಗಾಳಿ ನೇರವಾಗಿ ಬಂದೆರಗುತ್ತದೆ, ದೋಣಿಗಳು ದಿನಗಟ್ಟಲೆ ಬಂದರಿನಲ್ಲಿಯೇ ನಿಲ್ಲುತ್ತವೆ. ಬೇಸಿಗೆ ಕೂಡ ತಂಪು.

ಸೂರ್ಯ ಮುಳುಗದ ಕಾಲ ಯಾವುದು?

ಮೇ ತಿಂಗಳ ಕೊನೆಯ ದಿನಗಳಿಂದ ಜುಲೈ ಮಧ್ಯದವರೆಗೆ ಸೂರ್ಯ ದಿಗಂತದ ಕೆಳಗೆ ಇಳಿಯುವುದಿಲ್ಲ. ಡಿಸೆಂಬರ್ ಉತ್ತರಾರ್ಧದಲ್ಲಿ ಇದಕ್ಕೆ ವಿರುದ್ಧವಾಗಿ, ಕೆಲವು ದಿನ ಸೂರ್ಯ ಕಾಣಿಸಿಕೊಳ್ಳುವುದೇ ಇಲ್ಲ. ಆದರೂ ನಡುಹಗಲಿನಲ್ಲಿ ಕೆಲವು ಗಂಟೆ ನೀಲಿಯ ಮಂದ ಬೆಳಕಿರುತ್ತದೆ. ಉತ್ತರ ಧ್ರುವಪ್ರಭೆಯನ್ನು ನೋಡಬಯಸುವವರು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಕತ್ತಲೆಯ ತಿಂಗಳುಗಳಲ್ಲಿ ಹೋಗಬೇಕು, ಮತ್ತು ಮೋಡ ತೆರೆಯಲೆಂದು ಕಾಯಬೇಕು.

ಅಲ್ಲಿನ ಜನ ಬದುಕುವುದು ಹೇಗೆ?

ಮೀನಿನಿಂದ. ಈ ಉತ್ತರ ಹದಿನೈದನೆಯ ಶತಮಾನದಲ್ಲಿ ಎಷ್ಟು ನಿಜವಾಗಿತ್ತೋ ಇಂದಿಗೂ ಅಷ್ಟೇ ನಿಜ.

ನಾರ್ವೆ ಮತ್ತು ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಳೆಯುವ ಕಾಡ್ ಎಂಬ ತಣ್ಣೀರಿನ ದೊಡ್ಡ ಮೀನುಗಳು ಪ್ರಾಯಕ್ಕೆ ಬಂದ ಮೇಲೆ ಪ್ರತಿ ಚಳಿಗಾಲದಲ್ಲಿ ಮೊಟ್ಟೆಯಿಡಲು ನೂರಾರು ಕಿಲೋಮೀಟರ್ ಈಜಿ ಲೊಫೊಟೆನ್‌ಗೆ ಬರುತ್ತವೆ. ಹೀಗೆ ವಲಸೆ ಬರುವ ಕಾಡ್ ಮೀನಿಗೆ ಅಲ್ಲಿ ಸ್ಕ್ರೈ ಎನ್ನುತ್ತಾರೆ. ಜನವರಿಯಿಂದ ಏಪ್ರಿಲ್‌ವರೆಗಿನ ಈ ಹಂಗಾಮಿನಲ್ಲಿ ಊರಿನ ಚಹರೆಯೇ ಬದಲಾಗುತ್ತದೆ. ಹೊರಗಿನ ದೋಣಿಗಳು ಬಂದು ಬಂದರು ತುಂಬುತ್ತದೆ, ಮೀನು ಸಂಸ್ಕರಣೆಯ ಕಟ್ಟಡಗಳಲ್ಲಿ ದೀಪಗಳು ಆರುವುದಿಲ್ಲ, ಪೂರ್ವ ಯೂರೋಪಿನ ದೇಶಗಳಿಂದ ಬಂದ ಕೆಲಸಗಾರರು ಊರಿನವರೊಡನೆ ಹೆಗಲು ಕೊಡುತ್ತಾರೆ. ಶಾಲೆಯ ಮಕ್ಕಳಿಗೂ ಒಂದು ಕೆಲಸವಿದೆ: ಕತ್ತರಿಸಿದ ಮೀನಿನ ತಲೆಗಳಿಂದ ನಾಲಿಗೆಯನ್ನು ಕೊಯ್ದು ತೆಗೆಯುವುದು. ಉತ್ತರ ನಾರ್ವೆಯ ಉದ್ದಗಲಕ್ಕೂ ಇದು ಮಕ್ಕಳ ಹಕ್ಕೆಂಬಂತೆ ನಡೆದುಬಂದಿದೆ. ಕಾಡ್ ಮೀನಿನ ನಾಲಿಗೆ ಬೆಲೆಬಾಳುವ ತಿನಿಸು. ಚುರುಕಾದ ಮಗು ಒಂದು ಹಂಗಾಮಿನಲ್ಲಿ ದೊಡ್ಡವರೂ ಬೆರಗಾಗುವಷ್ಟು ಹಣ ಗಳಿಸುತ್ತದೆ. ಈ ತಿಂಗಳುಗಳ ಊಟವೆಂದರೆ ಬೇಯಿಸಿದ ಕಾಡ್ ಮೀನು, ಅದರದೇ ಈಲಿ ಮತ್ತು ಮೊಟ್ಟೆಚೀಲ. ಇದನ್ನು ಮೊಲ್ಯೆ ಎಂದು ಕರೆಯುತ್ತಾರೆ.

ಎಷ್ಟು ಮೀನು ಹಿಡಿಯಬಹುದೆಂಬುದನ್ನು ನಾರ್ವೆ ಮತ್ತು ರಷ್ಯಾ ಸೇರಿ ತೀರ್ಮಾನಿಸುತ್ತವೆ, ಏಕೆಂದರೆ ಈ ಮೀನಿನ ಸಂಕುಲ ಎರಡೂ ದೇಶಗಳ ನೀರಿನಲ್ಲಿ ಬದುಕುತ್ತದೆ. ಸಂಕುಲ ಇಳಿಮುಖವಾಗಿರುವುದರಿಂದ ಈಚಿನ ವರ್ಷಗಳಲ್ಲಿ ಮಿತಿಯನ್ನು ಸತತವಾಗಿ ಕಡಿಮೆ ಮಾಡಲಾಗಿದೆ. 2025ಕ್ಕೆ ನಿಗದಿಯಾದ 3,40,000 ಟನ್, 1991ರ ಅನಂತರ ಅಲ್ಲಿಯವರೆಗಿನ ಅತಿ ಕಡಿಮೆ ಪ್ರಮಾಣವಾಗಿತ್ತು. ದೊಡ್ಡ ದೇಶಕ್ಕೆ ಇದೊಂದು ಅಂಕಿ ಮಾತ್ರ. ಒಂದೇ ಕಸುಬನ್ನು ನಂಬಿದ ರೊಸ್ಟ್‌ನಂತಹ ಊರಿಗೆ ಅದು ಒಂದು ವರ್ಷದ ಗಳಿಕೆ.

ಸ್ಟಾಕ್‌ಫಿಶ್ ಎಂದರೇನು? ನಮ್ಮ ಕರಾವಳಿಯ ಒಣಮೀನಿಗೂ ಅದಕ್ಕೂ ಏನು ವ್ಯತ್ಯಾಸ?

ಸ್ಟಾಕ್‌ಫಿಶ್ ಎಂದರೆ ಗಾಳಿಗೆ ತೂಗುಹಾಕಿ ಒಣಗಿಸಿದ ಕಾಡ್ ಮೀನು. ಮುಖ್ಯ ವ್ಯತ್ಯಾಸ ಉಪ್ಪು. ಕಾರವಾರದಿಂದ ಮಂಗಳೂರಿನವರೆಗೆ ಒಣಗಿಸುವ ಮೀನುಗಳಲ್ಲಿ ಹೆಚ್ಚಿನವಕ್ಕೆ ಉಪ್ಪು ಬಳಸುತ್ತಾರೆ, ಬಿಸಿಲಿಗೆ ಹರವುತ್ತಾರೆ. ಸ್ಟಾಕ್‌ಫಿಶ್‌ಗೆ ಉಪ್ಪೂ ಇಲ್ಲ, ಬಿಸಿಲಿನ ಕಾವೂ ಇಲ್ಲ. ತಣ್ಣನೆಯ ಗಾಳಿಯೊಂದೇ ಅದನ್ನು ಒಣಗಿಸುತ್ತದೆ.

ಹಿಡಿದ ಮೀನಿನ ತಲೆ ಮತ್ತು ಕರುಳು ತೆಗೆದು, ಎರಡೆರಡನ್ನು ಬಾಲದ ಬಳಿ ಜೋಡಿಯಾಗಿ ಕಟ್ಟಿ, ಹ್ಯೆಲ್ ಎಂದು ಕರೆಯುವ ಮರದ ಅಟ್ಟಣೆಗಳ ಮೇಲೆ ತೂಗುಹಾಕುತ್ತಾರೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಗಾಳಿ, ಮಳೆ, ಹಿಮ, ಬಿಸಿಲು ಎಲ್ಲವನ್ನೂ ಮೀನು ಅಲ್ಲಿಯೇ ಸಹಿಸಿಕೊಂಡಿರುತ್ತದೆ. ಬಳಿಕ ಒಳಗೆ ಒಯ್ದು ಮತ್ತೆ ಎರಡು ಮೂರು ತಿಂಗಳು ಗಾಳಿಯಾಡುವ ಕೋಣೆಗಳಲ್ಲಿ ಒಣಗಲು ಬಿಡುತ್ತಾರೆ. ಇಷ್ಟು ಹೊತ್ತಿಗೆ ಮೀನಿನ ನೀರಿನ ಅಂಶದಲ್ಲಿ ಹೆಚ್ಚು ಪಾಲು ಹೋಗಿ, ತೂಕ ಐದರಲ್ಲಿ ಒಂದು ಭಾಗದಷ್ಟಕ್ಕೆ ಇಳಿದು, ಅದು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಸರಿಯಾಗಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಈ ಕೆಲಸ ರೊಸ್ಟ್‌ನಲ್ಲಿ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ಹಿಂದೆ ಹೇಳಿದ ಹವೆಯೇ ಕಾರಣ. ತುಂಬ ಹೆಪ್ಪುಗಟ್ಟಿದರೆ ಮಾಂಸದ ಎಳೆ ಒಡೆದು ಸ್ಪಂಜಿನಂತಾಗುತ್ತದೆ. ಬೆಚ್ಚಗಾದರೆ ನೊಣ ಕೂರುತ್ತದೆ, ಹುಳಿಯುತ್ತದೆ. ಶೂನ್ಯದಿಂದ ತುಸು ಮೇಲಿನ ಉಷ್ಣಾಂಶ ಮತ್ತು ನಿಲ್ಲದ ಗಾಳಿ ಇವೆರಡೂ ತಿಂಗಳುಗಟ್ಟಲೆ ಒಟ್ಟಿಗೆ ಸಿಗುವ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿವೆ. ಒಣಗಿದ ಮೇಲೆ ಗುಣ ನಿರ್ಣಯ ಮಾಡುವುದು ಯಂತ್ರವಲ್ಲ, ಪಳಗಿದ ಮನುಷ್ಯ. ವ್ರಾಕರ್ ಎಂಬ ಈ ಪರೀಕ್ಷಕ ಪ್ರತಿಯೊಂದು ಮೀನನ್ನೂ ಕೈಗೆತ್ತಿಕೊಂಡು, ನೋಡಿ, ಮೂಸಿ, ಒತ್ತಿ, ಸುಮಾರು ಇಪ್ಪತ್ತು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾನೆ. ಉತ್ತಮ ದರ್ಜೆಗಳಿಗೆ ಇಂದಿಗೂ ಇಟಲಿಯ ಹೆಸರುಗಳೇ ಇವೆ. ಅತಿ ಮೇಲಿನದು ರಾನ್ಯೊ. ಲೊಫೊಟೆನ್‌ನ ಸ್ಟಾಕ್‌ಫಿಶ್‌ಗೆ 2007ರಲ್ಲಿ ನಾರ್ವೆಯ, 2014ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಮೈಸೂರು ರೇಷ್ಮೆಗೆ ಇರುವಂತಹ ಮಾನ್ಯತೆ ಅದು.

ಇದನ್ನು ತಿನ್ನುವವರು ಯಾರು?

ಉತ್ತಮ ದರ್ಜೆಯ ಮೀನಿನ ಬಹುಪಾಲು ಇಟಲಿಗೆ ಹೋಗುತ್ತದೆ. ವೆನಿಸ್ ಸುತ್ತಲಿನ ವೆನೆಟೊ ಪ್ರದೇಶದಲ್ಲಿ, ವಿಶೇಷವಾಗಿ ವಿಚೆಂಜಾ ಪಟ್ಟಣದ ಸೀಮೆಯಲ್ಲಿ, ಇದನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಈರುಳ್ಳಿ, ಹಾಲು, ಆಲಿವ್ ಎಣ್ಣೆ ಮತ್ತು ಉಪ್ಪು ಹಾಕಿದ ಸಣ್ಣ ಆಂಚೊವಿ ಮೀನಿನೊಡನೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೊಂದಿಗೆ ಬಡಿಸುತ್ತಾರೆ. ಇನ್ನೊಂದು ದೊಡ್ಡ ಮಾರುಕಟ್ಟೆ ನೈಜೀರಿಯಾ. ಅಲ್ಲಿಗೆ ಕೆಳ ದರ್ಜೆಯ ಮೀನು ಮತ್ತು ಬೇರೆಯಾಗಿ ಒಣಗಿಸಿದ ತಲೆಗಳು ಹೋಗುತ್ತವೆ. ಇಗ್ಬೊ ಜನರ ಸಾರುಗಳಲ್ಲಿ ಅದಕ್ಕೆ ಅನಿವಾರ್ಯವಾದ ಸ್ಥಾನವಿದೆ. 1967ರಿಂದ 1970ರವರೆಗೆ ಆ ದೇಶದೊಳಗೆ ನಡೆದ ಬಿಯಾಫ್ರಾ ಅಂತರ್ಯುದ್ಧದ ಕ್ಷಾಮಕಾಲದಲ್ಲಿ ನೆರವಿನ ರೂಪದಲ್ಲಿ ಬಂದ ಸ್ಟಾಕ್‌ಫಿಶ್ ಅನೇಕ ಜೀವಗಳನ್ನು ಉಳಿಸಿತು. ಹೀಗೆ ತಲೆಯಿಂದ ನಾಲಿಗೆಯವರೆಗೆ, ಈಲಿಯಿಂದ ಮೊಟ್ಟೆಯವರೆಗೆ ಮೀನಿನ ಯಾವ ಭಾಗವೂ ವ್ಯರ್ಥವಾಗದಿರುವುದು ಈ ಕಸುಬಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಈ ವ್ಯಾಪಾರ ಎಷ್ಟು ಹಳೆಯದು?

ಹನ್ನೆರಡನೆಯ ಶತಮಾನದ ಹೊತ್ತಿಗೆ ಒಣಗಿಸಿದ ಕಾಡ್ ಮೀನು ನಾರ್ವೆಯ ಅತಿ ಮುಖ್ಯ ರಫ್ತಾಗಿತ್ತು. ಉತ್ತರದ ಮೀನುಗಾರರು ತಮ್ಮ ಮೀನನ್ನು ದಕ್ಷಿಣದ ಬೆರ್ಗೆನ್ ಬಂದರಿಗೆ ಒಯ್ಯುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಹಾನ್ಸಾ ಎಂಬ ಜರ್ಮನ್ ವ್ಯಾಪಾರಿ ಕೂಟದ ವರ್ತಕರು ಬೆರ್ಗೆನ್‌ನಲ್ಲಿ ನೆಲೆಯೂರಿ ಈ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ಮೀನಿಗೆ ಬದಲಾಗಿ ಧಾನ್ಯ, ಬಟ್ಟೆ, ಕಬ್ಬಿಣ ಉತ್ತರಕ್ಕೆ ಬರುತ್ತಿತ್ತು. ಬೆಳೆ ಬೆಳೆಯಲಾಗದ ದ್ವೀಪದಲ್ಲಿ ಜನ ಬದುಕಿ ಉಳಿದದ್ದು ಈ ವಿನಿಮಯದಿಂದಲೇ. ಕ್ರೈಸ್ತ ಯೂರೋಪಿನಲ್ಲಿ ಮಾಂಸ ವರ್ಜ್ಯವಾದ ಉಪವಾಸದ ದಿನಗಳು ಬಹಳವಿದ್ದುದರಿಂದ ಕೆಡದ ಮೀನಿಗೆ ಬೇಡಿಕೆ ಎಂದೂ ತಗ್ಗಲಿಲ್ಲ.

ವೆನಿಸ್‌ನ ಕ್ವೆರಿನಿ ಎಂಬಾತನ ಕಥೆ ಏನು?

ರೊಸ್ಟ್‌ನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಪಿಯೆತ್ರೊ ಕ್ವೆರಿನಿ ವೆನಿಸ್‌ನ ಒಬ್ಬ ಶ್ರೀಮಂತ ವರ್ತಕ. 1431ರ ಏಪ್ರಿಲ್‌ನಲ್ಲಿ, ಆಗ ವೆನಿಸ್‌ನ ಆಳ್ವಿಕೆಯಲ್ಲಿದ್ದ ಕ್ರೀಟ್ ದ್ವೀಪದಿಂದ, ಮಾಲ್ವಸಿಯಾ ದ್ರಾಕ್ಷಾರಸ ಮತ್ತು ಮಸಾಲೆ ಪದಾರ್ಥಗಳನ್ನು ತುಂಬಿಕೊಂಡು ಆತನ ಹಡಗು ಇಂದಿನ ಬೆಲ್ಜಿಯಂ ಭಾಗದ ಫ್ಲಾಂಡರ್ಸ್‌ ಕಡೆಗೆ ಹೊರಟಿತು. ಹಡಗಿನಲ್ಲಿದ್ದವರು 68 ಜನ. ಸ್ಪೇನಿನ ತೀರದಲ್ಲಿ ಹಡಗಿಗೆ ಪೆಟ್ಟಾಗಿ ದುರಸ್ತಿಗೆ ನಿಲ್ಲಬೇಕಾಯಿತು, ಪ್ರಯಾಣ ತಡವಾಗಿ ಚಳಿಗಾಲ ಹತ್ತಿರವಾಯಿತು. ಅನಂತರ ಬಂದ ಬಿರುಗಾಳಿಗಳು ಚುಕ್ಕಾಣಿಯನ್ನು ಕಿತ್ತು, ಹಾಯಿಗಳನ್ನು ಹರಿದು, ಹಡಗನ್ನು ಪಶ್ಚಿಮಕ್ಕೂ ಉತ್ತರಕ್ಕೂ ಎಳೆದೊಯ್ದವು. ಡಿಸೆಂಬರ್ 17ರಂದು ಹಡಗನ್ನು ಬಿಟ್ಟು ಎಲ್ಲರೂ ಎರಡು ದೋಣಿಗಳಿಗೆ ಇಳಿದರು. 21 ಜನರಿದ್ದ ಚಿಕ್ಕ ದೋಣಿ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. 47 ಜನರಿದ್ದ ದೊಡ್ಡ ದೋಣಿಯಲ್ಲಿ ಕುಡಿಯುವ ನೀರು ಮುಗಿದು, ಹಸಿವು ಮತ್ತು ಚಳಿಯಿಂದ ದಿನವೂ ಸಾವುಗಳಾದವು. 1432ರ ಜನವರಿ ಮೊದಲ ವಾರದಲ್ಲಿ ಆ ದೋಣಿ ರೊಸ್ಟ್ ಸಮೀಪದ ಸಾಂಡೊಯಾ ಎಂಬ ನಿರ್ಜನ ದ್ವೀಪವನ್ನು ಮುಟ್ಟಿದಾಗ ಜೀವಂತ ಉಳಿದವರು 16 ಮಂದಿ. ಅವರು ಹಿಮ ತಿಂದು, ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಕಿತ್ತು ತಿಂದು, ದೋಣಿಯ ಹಲಗೆಗಳನ್ನು ಉರಿಸಿ ದಿನ ಕಳೆದರು. ಅಲ್ಲಿಯೂ ಕೆಲವರು ಸತ್ತರು.

ಸುಮಾರು ಒಂದು ತಿಂಗಳ ಬಳಿಕ, ಕಳೆದುಹೋದ ಕರುಗಳನ್ನು ಹುಡುಕುತ್ತ ಬಂದ ಒಬ್ಬ ಮೀನುಗಾರ ಮತ್ತು ಅವನ ಮಕ್ಕಳ ಕಣ್ಣಿಗೆ ಇವರು ಬಿದ್ದರು. ಸುದ್ದಿ ತಿಳಿದ ಊರಿನವರು ದೋಣಿ ತಂದು, ಬದುಕುಳಿದ 11 ಜನರನ್ನು ಕರೆದೊಯ್ದು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಭಾಷೆ ತಿಳಿಯದಿದ್ದರೂ ಅಲ್ಲಿದ್ದ ಜರ್ಮನ್ ಪಾದ್ರಿಯೊಡನೆ ಲ್ಯಾಟಿನ್‌ನಲ್ಲಿ ಮಾತನಾಡುವುದು ಸಾಧ್ಯವಾಯಿತು. ಮೇ ಮಧ್ಯದವರೆಗೆ, ಎಂದರೆ ಮೂರು ತಿಂಗಳಿಗೂ ಹೆಚ್ಚು ಕಾಲ, ಅವರು ಆ ಜನರ ಅತಿಥಿಗಳಾಗಿದ್ದರು. ಆಮೇಲೆ ಒಣಮೀನು ಸಾಗಿಸುವ ದೋಣಿಯಲ್ಲಿ ದಕ್ಷಿಣಕ್ಕೆ ಹೊರಟು, ಟ್ರೊಂಡ್ಹೈಮ್ ಮತ್ತು ಸ್ವೀಡನ್ ಮಾರ್ಗವಾಗಿ ಸಾಗಿ ಕೊನೆಗೆ ತಾಯ್ನಾಡು ಸೇರಿದರು. ಹೊರಡುವಾಗ ಕ್ವೆರಿನಿಗೆ 60 ಒಣಮೀನುಗಳನ್ನು ಕೊಟ್ಟರೆಂದು ದಾಖಲಾಗಿದೆ.

ಆಗಿನ ರೊಸ್ಟ್ ಹೇಗಿತ್ತೆಂದು ಅವರು ಬರೆದಿದ್ದಾರೆಯೆ?

ಬರೆದಿದ್ದಾರೆ, ಮತ್ತು ಈ ಬರಹಗಳ ಬೆಲೆ ಅಪಾರ. ಕ್ವೆರಿನಿ ತನ್ನದೇ ವೃತ್ತಾಂತವನ್ನು ಬರೆದ. ಅವನ ಜೊತೆಗಿದ್ದ ಕ್ರಿಸ್ತೊಫೊರೊ ಫಿಯೊರವಾಂತೆ ಮತ್ತು ನಿಕೊಲೊ ದೆ ಮಿಕಿಯೆಲ್ ಹೇಳಿ ಬರೆಸಿದ ಇನ್ನೊಂದು ವೃತ್ತಾಂತವೂ ಉಳಿದಿದೆ. ಹದಿನಾರನೆಯ ಶತಮಾನದಲ್ಲಿ ಇವೆರಡೂ ಅಚ್ಚಾದವು. ಮಧ್ಯಯುಗದ ಉತ್ತರ ನಾರ್ವೆಯ ಸಾಮಾನ್ಯ ಮೀನುಗಾರರ ಮನೆಯೊಳಗನ್ನು ಕಣ್ಣಾರೆ ಕಂಡು ಬರೆದ ಬರಹ ಇವುಗಳನ್ನು ಬಿಟ್ಟರೆ ಬಹಳ ವಿರಳ.

ಅವರ ಪ್ರಕಾರ ಆಗ ಊರಿನಲ್ಲಿ 120 ಜನರಿದ್ದರು. ಮನೆಗಳು ಮರದವು, ದುಂಡಾಗಿದ್ದವು. ಬೆಳಕಿಗೆ ಮಾಡಿನ ನಡುವೆ ಒಂದು ತೂತು, ಚಳಿಗಾಲದಲ್ಲಿ ಅದಕ್ಕೆ ಮೀನಿನ ಚರ್ಮದ ಹೊದಿಕೆ. ಒಣಮೀನನ್ನು ಕೊಡಲಿಯ ಹಿಂಬದಿಯಿಂದ ಬಡಿದು ಎಳೆಎಳೆಯಾಗಿಸಿ ಬೆಣ್ಣೆ ಬೆರೆಸಿ ತಿನ್ನುತ್ತಿದ್ದರು. ಅಲ್ಲಿ ಹಣದ ಚಲಾವಣೆಯಿರಲಿಲ್ಲ, ಮೀನೇ ನಾಣ್ಯ. ಕಳ್ಳತನದ ಭಯವಿಲ್ಲದ್ದರಿಂದ ಏನನ್ನೂ ಬೀಗ ಹಾಕಿ ಇಡುತ್ತಿರಲಿಲ್ಲ. ಇಡೀ ಕುಟುಂಬವೂ ಅತಿಥಿಗಳೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ಮತ್ತು ಹೆಂಗಸರು ಪರಪುರುಷರ ಮುಂದೆ ಯಾವ ಅಂಜಿಕೆಯೂ ಇಲ್ಲದೆ ಓಡಾಡುತ್ತಿದ್ದರು. ಇದನ್ನು ಕಂಡು ವೆನಿಸ್‌ನವರು ತಮ್ಮ ನಾಡಿನ ನಡತೆಯನ್ನು ನೆನೆದು ನಾಚಿದರು. ತಾವು ಸ್ವರ್ಗದ ಮೊದಲ ಸುತ್ತಿನಲ್ಲಿದ್ದೇವೆಂದು ಬರೆದರು.

ಸಾವಿನ ಬಾಯಿಂದ ಪಾರಾಗಿ ಬಂದವರು ಆಶ್ರಯ ಕೊಟ್ಟವರನ್ನು ಹೊಗಳುವುದು ಸ್ವಾಭಾವಿಕ, ಆದ್ದರಿಂದ ಈ ವರ್ಣನೆಯ ಬಣ್ಣವನ್ನು ತುಸು ಕಡಿಮೆ ಮಾಡಿಕೊಂಡೇ ಓದಬೇಕು. ಆದರೆ ಒಂದನ್ನು ಅಲ್ಲಗಳೆಯಲಾಗದು. ತಾವೇ ಮೀನು ಕೊಟ್ಟು ಧಾನ್ಯ ತರಿಸಿಕೊಳ್ಳುತ್ತಿದ್ದ 120 ಜನ, ಚಳಿಗಾಲದ ನಡುವೆ, ಪರಿಚಯವಿಲ್ಲದ 11 ಜನರಿಗೆ ಮೂರು ತಿಂಗಳು ಊಟ ಹಾಕಿದರು.

ಇಟಲಿಗೆ ಸ್ಟಾಕ್‌ಫಿಶ್ ತಂದವನು ಕ್ವೆರಿನಿಯೇ?

ರೊಸ್ಟ್‌ನವರೂ ವೆನೆಟೊದವರೂ ಪ್ರೀತಿಯಿಂದ ಹಾಗೆಯೇ ಹೇಳುತ್ತಾರೆ. ಒಬ್ಬನ ಕೈಯ 60 ಮೀನುಗಳಿಂದ ಒಂದು ಪ್ರದೇಶದ ಅಡುಗೆ ಬದಲಾಯಿತೆಂದು ನಾನು ನಂಬಲಾರೆ; ವ್ಯಾಪಾರದ ಹಾದಿಗಳು, ಚರ್ಚಿನ ಉಪವಾಸದ ನಿಯಮಗಳು ಮತ್ತು ಅನಂತರದ ಶತಮಾನಗಳ ವರ್ತಕರು ಸೇರಿ ಮಾಡಿದ ಕೆಲಸವದು. ಆದರೆ ಆ ಕಥೆ ಇಂದು ಒಂದು ನಿಜವಾದ ಸಂಬಂಧವನ್ನು ಕಟ್ಟಿದೆ. ವಿಚೆಂಜಾ ಸಮೀಪದ ಸಾಂಡ್ರಿಗೊ ಎಂಬ ಪಟ್ಟಣ ರೊಸ್ಟ್‌ನ ಸೋದರ ಊರು. ಅಲ್ಲಿ ಪ್ರತಿ ವರ್ಷ ಸ್ಟಾಕ್‌ಫಿಶ್ ಅಡುಗೆಯ ದೊಡ್ಡ ಹಬ್ಬ ನಡೆಯುತ್ತದೆ, ಮತ್ತು ಆ ಅಡುಗೆಯ ಹಳೆಯ ಕ್ರಮವನ್ನು ಕಾಪಾಡಲೆಂದೇ 1987ರಲ್ಲಿ ಸ್ಥಾಪನೆಯಾದ ಒಂದು ಬಳಗವಿದೆ. ಕ್ವೆರಿನಿಯ ದೋಣಿ ತೀರ ಮುಟ್ಟಿ 500 ವರ್ಷ ತುಂಬಿದ 1932ರಲ್ಲಿ ಸಾಂಡೊಯಾದಲ್ಲಿ ಸ್ಮಾರಕ ನಿಲ್ಲಿಸಿದರು. 2012ರಲ್ಲಿ ಕ್ವೆರಿನಿಯ ಕಥೆಯನ್ನು ಆಧರಿಸಿದ ಸಂಗೀತ ನಾಟಕವೊಂದು ರೊಸ್ಟ್‌ನಲ್ಲಿಯೇ ಮೊದಲ ಪ್ರದರ್ಶನ ಕಂಡಿತು.

ಪಫಿನ್ ಹಕ್ಕಿಗಳನ್ನು ನೋಡಲು ರೊಸ್ಟ್‌ಗೆ ಹೋಗಬಹುದೆ?

ಹೋಗಬಹುದು, ಆದರೆ ಏನನ್ನು ನೋಡುತ್ತಿದ್ದೇವೆಂದು ತಿಳಿದು ಹೋಗಬೇಕು.

ಕಪ್ಪು ಬೆನ್ನು, ಬಿಳಿ ಎದೆ, ಕೆಂಪು ಹಳದಿ ಪಟ್ಟೆಗಳ ದಪ್ಪ ಕೊಕ್ಕಿನ ಈ ಕಡಲ ಹಕ್ಕಿ ವರ್ಷದ ಹೆಚ್ಚು ಕಾಲ ತೆರೆದ ಸಮುದ್ರದಲ್ಲಿದ್ದು, ವಸಂತದಲ್ಲಿ ಮಾತ್ರ ಮರಿ ಮಾಡಲು ನೆಲಕ್ಕೆ ಬರುತ್ತದೆ. ಹುಲ್ಲಿನ ಇಳಿಜಾರಿನಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. 1979ರ ಸುಮಾರಿಗೆ ರೊಸ್ಟ್‌ನ ದ್ವೀಪಗಳಲ್ಲಿ 14 ಲಕ್ಷದಷ್ಟು ಜೋಡಿ ಪಫಿನ್‌ಗಳು ಗೂಡು ಮಾಡುತ್ತಿದ್ದವು. ನಾರ್ವೆಯ ಮುಖ್ಯಭೂಮಿಯ ತೀರದಲ್ಲಿ ಇಷ್ಟು ದೊಡ್ಡ ನೆಲೆ ಇನ್ನೊಂದಿರಲಿಲ್ಲ. ಇಂದು ಅದರ ಕಾಲು ಭಾಗವೂ ಉಳಿದಿಲ್ಲ.

ಕಾರಣವನ್ನು ಹೆರ್ನ್ಯೂಕೆನ್ ದ್ವೀಪದಲ್ಲಿ ದಶಕಗಳಿಂದ ನಡೆದಿರುವ ಅಧ್ಯಯನ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. 1964ರಿಂದಲೂ ಅಲ್ಲಿ ಮರಿಗಳ ಲೆಕ್ಕ ಇಡಲಾಗಿದೆ. ಜಗತ್ತಿನಲ್ಲಿ ಕಡಲ ಹಕ್ಕಿಗಳ ಬಗ್ಗೆ ಇಷ್ಟು ದೀರ್ಘವಾದ ದಾಖಲೆ ಇರುವುದು ಕೆಲವೇ ಕಡೆ. ನಾರ್ವೆಯ ದಕ್ಷಿಣದ ತೀರದಲ್ಲಿ ಮೊಟ್ಟೆಯಿಂದ ಹೊರಬಂದ ಹೆರಿಂಗ್ ಮೀನಿನ ಮರಿಗಳು ಪ್ರವಾಹದೊಡನೆ ಉತ್ತರಕ್ಕೆ ತೇಲಿ, ಬೇಸಿಗೆಯಲ್ಲಿ ರೊಸ್ಟ್ ಸಮೀಪ ಹಾದುಹೋಗುತ್ತವೆ. ಪಫಿನ್ ಮರಿ ಬೆಳೆಯುವುದು ಆ ಪುಟ್ಟ ಮೀನುಗಳಿಂದ. 1960ರ ದಶಕದ ಕೊನೆಯಲ್ಲಿ ಮಿತಿಮೀರಿ ಹಿಡಿದುದರಿಂದ ಹೆರಿಂಗ್ ಸಂಕುಲ ಕುಸಿಯಿತು, ಅದರೊಡನೆ ಪಫಿನ್ ಮರಿಗಳು ಬಿಲಗಳಲ್ಲಿಯೇ ಹಸಿದು ಸಾಯತೊಡಗಿದವು. ಮುಂದೆ ಹೆರಿಂಗ್ ಚೇತರಿಸಿಕೊಂಡರೂ, 2000ದ ದಶಕದ ನಡುವಿನಿಂದೀಚೆಗೆ ಮರಿಮೀನುಗಳು ಬದುಕುಳಿಯುವ ಪ್ರಮಾಣವೇ ಕಡಿಮೆಯಾಗಿ, ಬಹುತೇಕ ವರ್ಷಗಳಲ್ಲಿ ಪಫಿನ್ ಸಂತಾನ ವಿಫಲವಾಗಿದೆ. ಬೆಚ್ಚಗಾಗುತ್ತಿರುವ ಕಡಲು ಇದರಲ್ಲಿ ಪಾತ್ರ ವಹಿಸುತ್ತಿದೆ.

ಪಫಿನ್ ಎರಡು ಮೂರು ದಶಕ ಬದುಕುವ ಹಕ್ಕಿ. ಆದ್ದರಿಂದ ಮರಿಗಳಿಲ್ಲದಿದ್ದರೂ ಹಿರಿಯ ಹಕ್ಕಿಗಳು ವರ್ಷವರ್ಷವೂ ಮರಳಿ ಬರುತ್ತವೆ, ಮತ್ತು ಬೇಸಿಗೆಯ ದೋಣಿಯಿಂದ ನೋಡುವವರಿಗೆ ಎಲ್ಲವೂ ಸರಿಯಿರುವಂತೆಯೇ ತೋರುತ್ತದೆ. ನೀರಿನ ಮೇಲೆ ತೇಲುವ ಆ ಹಕ್ಕಿಗಳಲ್ಲಿ ಹೆಚ್ಚಿನವು ಮುದಿಯವು ಎಂಬ ಮಾತು ನನ್ನನ್ನು ಬಹಳ ನೋಯಿಸುತ್ತದೆ. ನಾರ್ವೆ ಇಂದು ಪಫಿನ್ ಅನ್ನು ಅಳಿವಿನ ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಗೆ ಸೇರಿಸಿದೆ.

ಊರಿನ ಕಟ್ಟಡಗಳ ಮೇಲೆ ಗೂಡು ಕಟ್ಟುವ ಹಕ್ಕಿ ಯಾವುದು?

ಕಿಟ್ಟಿವೇಕ್ ಎಂಬ ಸಣ್ಣ ಕಡಲಕ್ಕಿ. ಒಂದು ಕಾಲದಲ್ಲಿ ವೇಡೊಯಾ ದ್ವೀಪದ ಬಂಡೆಗಳ ತುಂಬ ಇವುಗಳ ಗೂಡುಗಳಿದ್ದವು. ಈಗ ಆ ಬಂಡೆಗಳು ಬಹುತೇಕ ಬರಿದಾಗಿವೆ, ಉಳಿದ ಹಕ್ಕಿಗಳಲ್ಲಿ ಕೆಲವು ಬಂದರಿನ ಗೋದಾಮುಗಳ ಗೋಡೆ, ಕಿಟಕಿಯ ಅಂಚುಗಳಿಗೆ ಬಂದಿವೆ. ಹದ್ದು ಮತ್ತು ಕಾಗೆಗಳ ಕಾಟ ಮನುಷ್ಯರ ಸಮೀಪ ಕಡಿಮೆ. ಅವುಗಳ ಕೂಗು ಮತ್ತು ಹಿಕ್ಕೆ ಮನೆಯವರಿಗೆ ತೊಂದರೆಯೇ ಸರಿ. ಆದರೂ ಅವುಗಳಿಗೆ ಬೇರೆ ಜಾಗ ಉಳಿದಿಲ್ಲ.

ಸ್ಕೊಮ್ವಾರ್ ದೀಪಸ್ತಂಭದ ವಿಶೇಷವೇನು?

ಲೊಫೊಟೆನ್‌ನ ಕಟ್ಟಕಡೆಯ ದ್ವೀಪ ಸ್ಕೊಮ್ವಾರ್. ಅಲ್ಲಿನ ಎರಕದ ಕಬ್ಬಿಣದ ದೀಪಸ್ತಂಭದಲ್ಲಿ 1887ರಲ್ಲಿ ಮೊದಲು ದೀಪ ಹೊತ್ತಿತು. ಅದೇ ವರ್ಷ ಟ್ರೋಲ್ ಎಂಬ ಜಾನಪದ ದೈತ್ಯರ ಚಿತ್ರಗಳಿಂದ ನಾರ್ವೆಯ ಮನೆಮಾತಾದ ಕಲಾವಿದ ಥಿಯೊಡೋರ್ ಕಿಟೆಲ್ಸೆನ್, ದೀಪಸ್ತಂಭದ ಕೆಲಸದಲ್ಲಿದ್ದ ಭಾವನ ಮನೆಗೆ ಬಂದು ಸುಮಾರು ಎರಡು ವರ್ಷ ಅಲ್ಲಿದ್ದ. ಬಿರುಗಾಳಿ, ಹಕ್ಕಿಗಳು ಮತ್ತು ಕಡಲನ್ನು ಅವನು ಆಗ ಬಿಡಿಸಿದ. 1978ರಲ್ಲಿ ದೀಪ ಸ್ವಯಂಚಾಲಿತವಾದ ಮೇಲೆ ಅಲ್ಲಿ ಕಾಯಂ ವಾಸಿಸುವವರಿಲ್ಲ. ಬೇಸಿಗೆಯಲ್ಲಿ ಹವೆ ಒಪ್ಪಿದರೆ ಊರಿನ ದೋಣಿಗಳು ಪಕ್ಷಿದ್ವೀಪಗಳ ಬದಿಯಿಂದ ಅಲ್ಲಿಯವರೆಗೆ ಕರೆದೊಯ್ಯುತ್ತವೆ.

ಚರ್ಚಿನಲ್ಲಿ ನೋಡುವಂಥದ್ದೇನಿದೆ?

ಸುಮಾರು 1520ರಲ್ಲಿ ನೆದರ್‌ಲ್ಯಾಂಡ್ಸ್ ಸೀಮೆಯಲ್ಲಿ ತಯಾರಾದ ಕೆತ್ತನೆಯ ಪೂಜಾಪೀಠದ ಪಟವಿದೆ. ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಎರಡನೆಯ ಕ್ರಿಶ್ಚಿಯನ್‌ನನ್ನು ಮದುವೆಯಾಗಲು ಹಡಗಿನಲ್ಲಿ ಬರುತ್ತಿದ್ದ ರಾಜಕುಮಾರಿ ಎಲಿಸಬೆತ್, ಬಿರುಗಾಳಿಯಿಂದ ಪಾರಾದ ಕೃತಜ್ಞತೆಗೆ ಕರಾವಳಿಯ ಚರ್ಚುಗಳಿಗೆ ಕೊಟ್ಟ ಐದು ಪಟಗಳಲ್ಲಿ ಇದೂ ಒಂದೆಂಬುದು ಪರಂಪರೆಯ ಮಾತು. ಹಳೆಯ ಕಲ್ಲಿನ ಚರ್ಚೊಂದರ ಅವಶೇಷಗಳೂ ದ್ವೀಪದಲ್ಲಿವೆ.

ನೀರಿನ ಕೆಳಗೂ ಏನೋ ಇದೆಯಂತೆ?

2002ರಲ್ಲಿ ರೊಸ್ಟ್‌ನ ಪಶ್ಚಿಮಕ್ಕೆ, 300ರಿಂದ 400 ಮೀಟರ್ ಆಳದ ಕತ್ತಲೆಯಲ್ಲಿ, ಸುಮಾರು 35 ಕಿಲೋಮೀಟರಿಗೂ ಹೆಚ್ಚು ಉದ್ದದ ತಣ್ಣೀರಿನ ಹವಳದ ದಿಬ್ಬ ಪತ್ತೆಯಾಯಿತು. ಈ ಬಗೆಯ ಹವಳದ ದಿಬ್ಬಗಳಲ್ಲಿ ಅದು ಜಗತ್ತಿನ ಅತಿ ದೊಡ್ಡದೆಂದು ಗುರುತಿಸಲಾಯಿತು. ತಳವನ್ನು ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆಗಳನ್ನು ಮರುವರ್ಷವೇ ಅಲ್ಲಿ ನಿಷೇಧಿಸಿದರು. ಪ್ರವಾಸಿಗರು ಅದನ್ನು ನೋಡಲಾಗದು. ಆದರೆ ನೂರಾರು ವರ್ಷ ಬೆಳೆದ ಹವಳವನ್ನು ಬಲೆ ಒಂದೇ ಸಲಕ್ಕೆ ಪುಡಿಮಾಡಬಲ್ಲುದರಿಂದ ಅಷ್ಟು ಬೇಗ ಕೈಗೊಂಡ ಆ ನಿರ್ಧಾರ ನೆನೆಯತಕ್ಕದ್ದು.

ಅಲ್ಲಿ ಬೆಳೆದ ಮಕ್ಕಳು ಅಲ್ಲಿಯೇ ಉಳಿಯುತ್ತಾರೆಯೆ?

ಇದು ಊರಿನವರೇ ತಮ್ಮನ್ನು ಕೇಳಿಕೊಳ್ಳುವ ಪ್ರಶ್ನೆ. ಶಾಲೆ ಹತ್ತನೆಯ ತರಗತಿಯವರೆಗೆ ಇದೆ. ಮುಂದಿನ ಓದಿಗೆ ಹದಿನೈದು ಹದಿನಾರರ ವಯಸ್ಸಿನಲ್ಲಿಯೇ ಮನೆ ಬಿಟ್ಟು ಬೂಡೊ ಮುಂತಾದ ಕಡೆ ಹೋಗಬೇಕು. ಹೋದವರೆಲ್ಲ ಮರಳುವುದಿಲ್ಲ. ದೋಣಿಯ ಬೆಲೆ ಮತ್ತು ಮೀನು ಹಿಡಿಯುವ ಹಕ್ಕಿನ ಬೆಲೆ ಏರಿರುವುದರಿಂದ ಹೊಸ ತಲೆಮಾರು ಸ್ವಂತ ದೋಣಿಯೊಡನೆ ಕಸುಬಿಗಿಳಿಯುವುದೂ ಸುಲಭವಲ್ಲ.

ರೊಸ್ಟ್ ತಲುಪುವುದು ಹೇಗೆ?

ಬೂಡೊದಿಂದ ಎರಡು ದಾರಿಗಳಿವೆ. ಕಾರುಗಳನ್ನೂ ಒಯ್ಯುವ ದೊಡ್ಡ ದೋಣಿ ಬೂಡೊ, ರೊಸ್ಟ್, ವಾರೊಯ್, ಮೊಸ್ಕೆನೆಸ್‌ಗಳ ನಡುವೆ ಓಡಾಡುತ್ತದೆ. ಅದು ಯಾವ ಕ್ರಮದಲ್ಲಿ ನಿಲ್ಲುತ್ತದೆಂಬುದರ ಮೇಲೆ ಪ್ರಯಾಣದ ಅವಧಿ ಹೆಚ್ಚು ಕಡಿಮೆಯಾಗುತ್ತದೆ. 1986ರಲ್ಲಿ ತೆರೆದ ಸಣ್ಣ ವಿಮಾನ ನಿಲ್ದಾಣಕ್ಕೆ ಬೂಡೊದಿಂದ ಅರ್ಧ ಗಂಟೆಯೊಳಗಿನ ಹಾರಾಟ. ಹಕ್ಕಿಗಳಿಗಾಗಿ ಹೋಗುವವರು ಮೇ ಕೊನೆಯಿಂದ ಜುಲೈವರೆಗಿನ ಕಾಲವನ್ನು ಆರಿಸಿಕೊಳ್ಳಬೇಕು. ಅಟ್ಟಣೆಗಳ ಮೇಲೆ ತೂಗುವ ಮೀನನ್ನೂ ಬಂದರಿನ ಕೆಲಸವನ್ನೂ ನೋಡುವ ಆಸೆಯಿದ್ದವರು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೋಗಬೇಕು. ನನ್ನನ್ನು ಕೇಳಿದರೆ ಎರಡನೆಯದೇ ಉತ್ತಮ, ಏಕೆಂದರೆ ಊರು ತನ್ನ ಕೆಲಸದಲ್ಲಿರುವುದು ಆಗ. ಯಾವ ಕಾಲವಾದರೂ, ಹವೆ ಕೆಟ್ಟು ದೋಣಿಯೂ ವಿಮಾನವೂ ನಿಲ್ಲಬಹುದಾದ್ದರಿಂದ, ಮರಳುವ ಮುಖ್ಯ ವಿಮಾನಕ್ಕೂ ರೊಸ್ಟ್‌ನಿಂದ ಹೊರಡುವ ದಿನಕ್ಕೂ ನಡುವೆ ಬಿಡುವು ಇಟ್ಟುಕೊಳ್ಳಬೇಕು.

ಕರ್ನಾಟಕಕ್ಕೂ ನಾರ್ವೆಯ ಮೀನುಗಾರಿಕೆಗೂ ಏನಾದರೂ ಸಂಬಂಧವಿದೆಯೆ?

ರೊಸ್ಟ್‌ನೊಡನೆ ನೇರ ಸಂಬಂಧವಿಲ್ಲ, ನಾರ್ವೆಯೊಡನೆ ಇದೆ. 1952ರಲ್ಲಿ ಭಾರತ ಮತ್ತು ನಾರ್ವೆ ವಿಶ್ವಸಂಸ್ಥೆಯೊಡಗೂಡಿ ಮಾಡಿಕೊಂಡ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಯಾಂತ್ರಿಕ ದೋಣಿ, ಮಂಜುಗಡ್ಡೆ ಘಟಕಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರುವುದರಲ್ಲಿ ಆ ಯೋಜನೆಯ ಪಾಲಿದೆ.

ಹೋದವರು ಮುಖ್ಯವಾಗಿ ಏನನ್ನು ಗಮನದಲ್ಲಿಡಬೇಕು?

ಪಕ್ಷಿದ್ವೀಪಗಳು ಸಂರಕ್ಷಿತ ಪ್ರದೇಶಗಳು. ಗೂಡಿನ ಕಾಲದಲ್ಲಿ ಕೆಲವು ಕಡೆ ಇಳಿಯುವುದಕ್ಕೇ ಅನುಮತಿಯಿಲ್ಲ. ಊರಿನ ದೋಣಿಯವರು ಹೇಳಿದಷ್ಟು ದೂರದಲ್ಲಿಯೇ ಇರಬೇಕು, ಡ್ರೋನ್ ಹಾರಿಸಬಾರದು. ಮುಖ್ಯ ದ್ವೀಪದಲ್ಲಿಯೂ ಹುಲ್ಲಿನ ನಡುವೆ ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿಗಳಿರುವುದರಿಂದ ಬೇಸಿಗೆಯ ಆರಂಭದಲ್ಲಿ ದಾರಿ ಬಿಟ್ಟು ನಡೆಯದಿರುವುದು ಒಳ್ಳೆಯದು. ಒಣಗಲು ಹಾಕಿದ ಮೀನು ಒಬ್ಬರ ವರ್ಷದ ದುಡಿಮೆ. ಚಿತ್ರ ತೆಗೆಯಬಹುದು, ಮುಟ್ಟಬಾರದು, ಅಟ್ಟಣೆ ಹತ್ತಬಾರದು. ಬೇಸಿಗೆಯಲ್ಲಿ ಹೋಗುವವರೂ ಗಾಳಿ ಮತ್ತು ನೀರು ತಡೆಯುವ ಮೇಲಂಗಿ, ಉಣ್ಣೆಯ ಟೋಪಿ ಒಯ್ಯಬೇಕು. ಉಳಿದುಕೊಳ್ಳುವ ಕೋಣೆಗಳು ಕೆಲವೇ ಇರುವುದರಿಂದ ಅವನ್ನು ಮೊದಲೇ ಕಾಯ್ದಿರಿಸಿ, ಆಮೇಲೆ ಬೂಡೊದ ಟಿಕೆಟ್ ಕೊಳ್ಳುವುದು ಸರಿಯಾದ ಕ್ರಮ.